ಹದಿನೆಂಟನೆಯ ದೀಪ

ಪ್ರಳಯದ ನೀರು ಲೋಕವನ್ನು ಮುಚ್ಚಿದ್ದಾಗ ಮೀನಿನ ರೂಪದಿಂದ ತಳಕ್ಕಿಳಿದು, ಕಳೆದುಹೋದ ವೇದವಾಕ್ಕನ್ನು ಒಂದಕ್ಷರವೂ ನೆನೆಯದಂತೆ ಮೇಲೆತ್ತಿ ತಂದ ಸ್ವಾಮಿಗೆ ಮೊದಲ ನಮಸ್ಕಾರ. ಸಾವಿರ ಹೆಸರುಗಳಿಂದ ಕರೆದರೂ ಯಾವ ಒಂದು ಹೆಸರಿನೊಳಗೂ ನಿಲ್ಲದವನು ಅವನು. ಕರೆಯಲು ಮರೆತವರ ಬಾಗಿಲಿಗೂ ಬರುವವನು. ಸೂರ್ಯನ ಬೆಳಕು ಮುಟ್ಟದ ಆಳದಲ್ಲಿ ಯಾರ ಸ್ತೋತ್ರಕ್ಕೂ ಕಾಯದೆ ಪುಟ್ಟ ಪುಟ್ಟ ದೀಪಗಳನ್ನು ಹಚ್ಚಿಟ್ಟ ಆ ಕೈಯನ್ನು ನೆನೆದು, ಅವುಗಳನ್ನು ಎಣಿಸಲು ಹೊರಟ ಒಬ್ಬ ಸಜ್ಜನರ ಒಂದು ದಿನವನ್ನು ಇಲ್ಲಿ ಹೇಳುತ್ತೇನೆ. ತಪ್ಪಿದ್ದಲ್ಲಿ ತಿದ್ದುವ ಭಾರ ಅವನದು, ನಗುವ ಭಾರ ಕೇಳುವವರದು.

ಕಾಪುವಿನ ಮನೆಯಲ್ಲಿ ಬೆಳಗಿನ ತೆರ್ಸ್ ಪ್ರಾರ್ಥನೆ ಮುಗಿದು, ಇಮೆಲ್ಡಾ ತನ್ನ ಜಪಸರವನ್ನು ಅದರ ಪುಟ್ಟ ಚೀಲಕ್ಕೆ ಇಳಿಸುತ್ತ, ಹಾಲು ಉಕ್ಕುವ ಹೊತ್ತಾಯಿತು ಎನ್ನುವಷ್ಟೇ ಸಹಜವಾಗಿ, "ನೀವು ಯಾವಾಗಲೂ ಹನ್ನೊಂದು ಹೇಳ್ತೀರಿ" ಎಂದಳು. ಜೋಕಿಮ್ ಮಥಾಯಸರಿಗೆ ಮೊದಲು ಅರ್ಥವಾಗಲಿಲ್ಲ. ಒಂದೊಂದು ಕಂತಿಗೆ ದೇವಮಾತೆಗೆ ಹತ್ತು 'ನಮಾನ್ ಮರಿಯೆ' ವಂದನೆ, ಅಂಥ ಐದು ಕಂತು. ಅವರು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತ ಹೇಳಿಕೊಡುವುದು, ಅವಳು ಸರ ಹಿಡಿದು ಉತ್ತರಿಸುವುದು, ಇದು ಮದುವೆಯಾದ ವಾರದಿಂದ ನಡೆದು ಬಂದ ಕ್ರಮ. ಮೂವತ್ತನಾಲ್ಕು ವರ್ಷಗಳ ಕ್ರಮ. ಯಾವಾಗಿನಿಂದ ಹನ್ನೊಂದು ಎಂದು ಕೇಳಿದರು. "ಮೊದಲಿನಿಂದಲೂ. ನಿಮ್ಮ ಹನ್ನೊಂದನೆಯದಕ್ಕೆ ನನ್ನ ಸರದಲ್ಲಿ ಮಣಿ ಇಲ್ಲ. ನಾನು ಹೆಬ್ಬೆರಳನ್ನು ಖಾಲಿ ದಾರದ ಮೇಲೆ ಇಟ್ಟುಕೊಂಡು ಕಾಯ್ತೇನೆ." ಇಷ್ಟು ವರ್ಷ ಹೇಳಬಾರದಿತ್ತೇ ಎಂದಾಗ ಅವಳು ಅಡುಗೆಮನೆಯ ಕಡೆ ಅರ್ಧ ತಿರುಗಿ ನಿಂತೇ, "ಪ್ರಾರ್ಥನೆ ಹೆಚ್ಚಾಯಿತು ಅಂತ ಗಂಡನ ಹತ್ತಿರ ದೂರು ಹೇಳ್ಲಿಕ್ಕೆ ಉಂಟಾ ಮಾರಾಯ್ರೆ" ಎಂದು ಹೋದಳು. ಹಾಲು ಉಕ್ಕಿಯೇ ಇತ್ತು.

ತಿಂಡಿಯ ಮೇಜಿಗೆ ಕುಳಿತ ಜೋಕಿಮರು ತಮ್ಮ ಬಲಗೈಯನ್ನು ಎದುರಿಗೆ ಹಿಡಿದು, ಅದು ಬೇರೆ ಯಾರದೋ ಕೈ ಎಂಬಂತೆ, ಮೆಲ್ಲನೆ ಎಣಿಸಿ ನೋಡಿದರು. ಕಿರುಬೆರಳಿನ ಬುಡದಿಂದ ಹೊರಟ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಏರಿ ಇಳಿದು ಹತ್ತನ್ನು ಮುಟ್ಟಿತು, ಮುಟ್ಟಿ ನಿಲ್ಲಲಿಲ್ಲ, ಹೊರಟಲ್ಲಿಗೇ ಮರಳಿ ಬಂದು ಅಲ್ಲಿ ಒಮ್ಮೆ ಒತ್ತಿ, ಆಮೇಲೆ ಮಾತ್ರ ಸಮಾಧಾನಗೊಂಡಿತು. ಬಾಲ್ಯದಲ್ಲಿ, ಬೆಳ್ಮಣ್ಣಿನ ಮನೆಯ ಚಾಪೆಯ ಮೇಲೆ ಏಳು ಮಕ್ಕಳು ಸಾಲಾಗಿ ಮೊಣಕಾಲೂರಿ ಕುಳಿತಿದ್ದರು. ಅವ್ವನ ಸರ ಯಾವತ್ತೋ ಹರಿದು ಮಣಿಗಳು ಕೋಳಿಗೂಡಿನ ಕಡೆ ಉರುಳಿಹೋಗಿದ್ದವು. ಅಂದಿನಿಂದ ಬೆರಳೇ ಸರ. ಎಲ್ಲಿಂದ ಹೊರಟೆಯೋ ಅಲ್ಲಿಗೆ ಮರಳಿ ಮುಟ್ಟಿದರೆ ಮಾತ್ರ ಸುತ್ತು ಮುಗಿದ ಹಾಗೆ ಎನ್ನುತ್ತಿದ್ದಳು ಅವ್ವ. ನಡುವೆ ಯಾವನಾದರೂ ತೂಕಡಿಸಿದ್ದರೆ ದೇವಮಾತೆಗೆ ಕಡಿಮೆ ಬೀಳಬಾರದು, ಹೆಚ್ಚಾದರೆ ಅವಳೇನೂ ಹಿಂದಕ್ಕೆ ಕಳಿಸುವುದಿಲ್ಲ. ತೂಕಡಿಸುತ್ತಿದ್ದವನು ಯಾವಾಗಲೂ ಜೋಕಿಮನೇ. ಹಾಗಾದರೆ ತನಗಾಗಿಯೇ ಹುಟ್ಟಿದ ಆ ಹೆಚ್ಚಿನ ಒಂದು, ಐವತ್ತು ವರ್ಷ ಬೆರಳಿನೊಳಗೆ ಸದ್ದಿಲ್ಲದೆ ಬೆಳೆದು, ಕಳೆದ ವರ್ಷ ಒಂದು ಮಧ್ಯಾಹ್ನ ಇದೇ ಮೇಜಿನ ಮುಂದೆ ಏನು ಮಾಡಿತು? ಬಾಯಿಗೆತ್ತಿದ ದೋಸೆಯ ತುಂಡು ತಟ್ಟೆಗೆ ಮರಳಿತು.

ಆ ಮಧ್ಯಾಹ್ನ ಎರ್ಮಾಳಿನ ಮೀನು ವ್ಯಾಪಾರಿ ಸಲಾಂ ಮಲ್ಪೆ ಬಂದರಿನಿಂದ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ತಂದು ಜಗಲಿಯಲ್ಲಿಟ್ಟಿದ್ದ. ಆಳಸಮುದ್ರಕ್ಕೆ ಹೋದ ಬೋಟಿನ ಬಲೆಗೆ ಬಿದ್ದದ್ದು. ತಿನ್ನುವವರಿಲ್ಲ, ಎಸೆಯಲು ಮನಸ್ಸಿಲ್ಲ. "ಬೊಂಡಾಸಿನ ಹಾಗೆಯೇ ಉಂಟು ಸರ್, ಆದರೆ ಇದಕ್ಕೆ ಒಂದು ಕಣ್ಣು ಮನೆಯಲ್ಲಿ, ಇನ್ನೊಂದು ಅಂಗಡಿಯಲ್ಲಿ" ಎಂದಿದ್ದ. ಬೊಂಡಾಸೆಂದರೆ ಹತ್ತು ತೋಳಿನ ಸ್ಕ್ವಿಡ್. ಮಂಜುಗಡ್ಡೆಯ ನಡುವೆ ಅಂಗೈಯಗಲದ ಪ್ರಾಣಿ, ಕಳಿತ ಪುನರ್ಪುಳಿ ಹಣ್ಣಿನ ಕೆಂಪು. ಎಡಗಣ್ಣು ದೊಡ್ಡದಾಗಿ ಮೇಲಕ್ಕೆ ನೋಡುತ್ತಿತ್ತು, ಬಲಗಣ್ಣು ಅದರ ಅರ್ಧದಷ್ಟಾಗಿ ಕೆಳಕ್ಕೆ. ಮೈತುಂಬ ಸಾಸಿವೆಯಷ್ಟು ಬೆಳಕಿನ ಬೊಟ್ಟುಗಳು. ಬಲಗಣ್ಣಿನ ಸುತ್ತ ಅವೇ ಬಳೆಯಾಗಿ ಕುಳಿತಿದ್ದವು. ಈ ಕುಲದ ಬೊಂಡಾಸುಗಳಲ್ಲಿ ಜಾತಿ ಗುರುತಿಸಲು ಮುಖ್ಯವಾಗಿ ನೋಡುವುದು ಆ ಬಳೆಯ ದೀಪಗಳ ಸಂಖ್ಯೆಯನ್ನು. ಗೊತ್ತಿರುವ ಜಾತಿಗೆ ಹದಿನೇಳು. ಜೋಕಿಮರು ಭೂತಗನ್ನಡಿ ಹಿಡಿದು, ಚರ್ಮಕ್ಕೆ ಹಾನಿಯಾಗಬಾರದೆಂದು ಹೊರಟ ಜಾಗಕ್ಕೆ ಗುರುತಿನ ಸೂಜಿ ಊರದೆ, ಹೆಬ್ಬೆರಳಿನಿಂದ ಗೆಣ್ಣುಗಳ ಮೇಲೆ ಎಣಿಸುತ್ತ ಸುತ್ತು ಹೋದರು. ಹದಿನೆಂಟು. ಎರಡನೆಯ ಸಲ ಹದಿನೆಂಟು. ಇಮೆಲ್ಡಾಳನ್ನು ಕರೆದು ದೀಪ ಹಾಕಿಸಿ ಮೂರನೆಯ ಸಲವೂ ಹದಿನೆಂಟು. ಮೂವತ್ತೆರಡು ವರ್ಷ ಉಡುಪಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ಜಿರಳೆಯ ಬಾಯಿಯ ಅಂಗಗಳನ್ನು ನಾಲ್ಕು ಸಾವಿರ ಬಾರಿ ಬಿಡಿಸಿ ತೋರಿಸಿ, ಒಂದು ಹುಳುವಿಗೂ ಹೆಸರಿಡದೆ ನಿವೃತ್ತರಾದ ಮನುಷ್ಯನಿಗೆ ಕಡಲು ತಾನಾಗಿ ಎದ್ದು ಬಂದು ಒಂದು ಹೊಸ ಜಾತಿಯನ್ನು ಜಗಲಿಯಲ್ಲಿಟ್ಟಂತಾಗಿತ್ತು.

ಸುದ್ದಿ ಕೇಳಿದ ಹಳೆಯ ಸಹೋದ್ಯೋಗಿ, ಸಂಸ್ಕೃತದ ಆಚಾರ್ಯರು, ಪರ್ವ ಹದಿನೆಂಟು, ಪುರಾಣ ಹದಿನೆಂಟು, ಗೀತೆಯ ಅಧ್ಯಾಯ ಹದಿನೆಂಟು, ನಿಮ್ಮ ಬೊಂಡಾಸು ಪರಂಪರೆ ಬಲ್ಲದ್ದು ಎಂದು ಆಶೀರ್ವದಿಸಿದ್ದರು. ಅದೇ ಆಚಾರ್ಯರು ಹಿಂದೊಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದ ಮಾತು ಈಗ ಹಲ್ಲಿನ ಸಂದಿಯ ಎಲುಬಿನಂತೆ ಚುಚ್ಚಿತು. ಒಂದು ವಸ್ತುವನ್ನು ಮಿಕ್ಕೆಲ್ಲದರಿಂದ ಬೇರ್ಪಡಿಸುವ ಅಸಾಧಾರಣ ಧರ್ಮವೇ ಲಕ್ಷಣ, ಕೊರಳಡಿ ಜೋಲುವ ಗಂಗೆದೊಗಲುಳ್ಳದ್ದು ಗೋವು. ಲಕ್ಷಣಕ್ಕೆ ಮೂರು ದೋಷ. ಹೊರಗಿನವನ್ನೂ ಒಳಗೆ ಸೇರಿಸಿದರೆ ಅತಿವ್ಯಾಪ್ತಿ, ಒಳಗಿನವನ್ನು ಹೊರಗೆ ಬಿಟ್ಟರೆ ಅವ್ಯಾಪ್ತಿ. ಮೂರನೆಯದು ಅಸಂಭವ: ಒಂಟಿ ಗೊರಸುಳ್ಳದ್ದು ಗೋವು ಎಂದ ಹಾಗೆ, ಆ ವಸ್ತುವಿನಲ್ಲಿ ಎಲ್ಲಿಯೂ ಇಲ್ಲದ ಧರ್ಮವನ್ನು ಅದಕ್ಕೆ ಹೊರಿಸುವುದು. ಮೊದಲೆರಡು ದೋಷಗಳು ವಿದ್ವಾಂಸರಿಗೂ ಬರುತ್ತವೆ, ಮೂರನೆಯದಕ್ಕೆ ವಿಶೇಷ ಪ್ರತಿಭೆ ಬೇಕು ಎಂದು ಆಚಾರ್ಯರು ನಕ್ಕಿದ್ದರು. ಜೋಕಿಮರೂ ನಕ್ಕಿದ್ದರು.

ಆ ಹೊಸ ಜಾತಿಯ ಬಗ್ಗೆ ಅವರು ಬರೆದ ಲೇಖನ ಪ್ರಾಣಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಬರಲಿತ್ತು. ಪತ್ರಿಕೆಯವರು ಕಳುಹಿಸಿದ ಕರಡಚ್ಚನ್ನು ಇಂದು ಸಂಜೆ ಐದರೊಳಗೆ ಒಪ್ಪಿ ಹಿಂದಿರುಗಿಸಬೇಕಿತ್ತು. ಒಪ್ಪಿದರೆ ಹದಿನೆಂಟು ಶಾಶ್ವತ. ಜೋಕಿಮರು ಅಂಗಿ ತೊಟ್ಟು ಮಣಿಪಾಲಕ್ಕೆ ಹೊರಟರು; ಪ್ರಾಣಿ ಈಗ ಅಲ್ಲಿಯ ಪ್ರಯೋಗಾಲಯವೊಂದರಲ್ಲಿ, ಅವರ ಹಳೆಯ ವಿದ್ಯಾರ್ಥಿನಿ ಶಾರ್ಲೆಟಳ ವಶದಲ್ಲಿ, ಮದ್ಯಸಾರದ ಜಾಡಿಯೊಳಗಿತ್ತು.

ಕಾಪುವಿನ ಬಸ್ ನಿಲ್ದಾಣದ ಎದುರಿಗೆ ಫ್ಲೆಕ್ಸ್ ಇತ್ತು. ಅದರ ಕೆಳಗೇ ನಿಂತು ಬಸ್ಸಿಗೆ ಕಾಯಬೇಕು, ಬೇರೆ ನೆರಳಿಲ್ಲ. ಬರುವ ಭಾನುವಾರ ಕಾರ್ಕಳದಲ್ಲಿ, ಅವರು ಓದಿದ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ ಹೊಸ ಜಾತಿಯ ಶೋಧಕ್ಕಾಗಿ ಅವರನ್ನು ಸನ್ಮಾನಿಸಲಿತ್ತು; ಸಂಘದ ಕಾರ್ಯದರ್ಶಿ, ಬಾಲ್ಯದ ಗೆಳೆಯ ರೋನಿಗೆ ಸ್ವಂತ ಮುದ್ರಣಾಲಯ ಇದ್ದುದರಿಂದ ಕಾರ್ಕಳ ಸಾಲದೆ ಉತ್ಸಾಹ ಕಾಪುವಿನವರೆಗೆ ಹರಿದಿತ್ತು. ಕೋಟು ತೊಟ್ಟ ಜೋಕಿಮರ ಪಕ್ಕದಲ್ಲಿ ಬೊಂಡಾಸಿನ ಬದಲು ಒಂದು ದೊಡ್ಡ ಆಕ್ಟೋಪಸ್. ಎಂಟು ತೋಳು, ಸಮಾನವಾದ ಎರಡು ಕಣ್ಣು, ತುಟಿಯಲ್ಲಿ ಕಿರುನಗೆ. ಗಣವೇ ಬೇರೆ ಎಂದು ಅವರು ಫೋನ್ ಮಾಡಿ ಹೇಳಿದ್ದಾಗ ರೋನಿ, ಇಬ್ಬರಲ್ಲಿ ಜನ ನಿನ್ನನ್ನು ಗುರುತಿಸಿದರೆ ಸಾಕಲ್ವಾ ಎಂದಿದ್ದ. ಇಂದು ಆಕ್ಟೋಪಸ್ಸಿನ ನಗೆಯಲ್ಲಿ ಹೊಸದೊಂದು ಅರ್ಥ ಕಾಣಿಸಿತು. ನಿನ್ನ ಪಕ್ಕದಲ್ಲಿ ನಾನಿರುವುದು ಎಷ್ಟು ಸುಳ್ಳೋ ನನ್ನ ಪಕ್ಕದಲ್ಲಿ ನೀನಿರುವುದೂ ಅಷ್ಟೇ ಎಂದು ಅದು ಹೇಳುತ್ತಿರುವಂತಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಫ್ಲೆಕ್ಸನ್ನೂ ಅವರನ್ನೂ ಎರಡೆರಡು ಸಲ ಹೋಲಿಸಿ ನೋಡಿ, ಕೊನೆಗೆ ಹೋಲಿಕೆ ಸಾಲದೆಂದು ತೀರ್ಮಾನಿಸಿ ಮುಖ ತಿರುಗಿಸಿದಳು. ಬಸ್ಸು ಕಟಪಾಡಿ ದಾಟುವವರೆಗೂ ಅವರಿಗೆ ಆ ತೀರ್ಮಾನದ ಮೇಲೆ ಅಭಿಮಾನವಾಗುತ್ತಿತ್ತು.

ಉಡುಪಿಯಲ್ಲಿ ಬಸ್ಸು ಬದಲಿಸಿ, ಕಡಿಯಾಳಿ, ಇಂದ್ರಾಳಿ ಕಳೆದು ಏರು ಹತ್ತುವಾಗ, ಮನಸ್ಸು ವಕೀಲನ ವೇಷ ಧರಿಸಿತು. ಪ್ರಾರ್ಥನೆಯಲ್ಲಿ ಹನ್ನೊಂದು ಹೇಳುವವನು ವಿಜ್ಞಾನದಲ್ಲಿಯೂ ಹಾಗೆಯೇ ಎಣಿಸುತ್ತಾನೆಂದು ಯಾವ ನ್ಯಾಯ? ಭಕ್ತಿಯ ಬೆರಳು ಬೇರೆ, ಬುದ್ಧಿಯ ಬೆರಳು ಬೇರೆ. ಆದರೆ ಬೆರಳು ಅದೇ ಆಗಿತ್ತು. ಕಂಬಿ ಹಿಡಿದು ನಿಂತ ಅವರ ಕಣ್ಣೆದುರಿಗೇ ಇತ್ತು. ಹಾಜರಿ ಕರೆಯುವಾಗ ಕೊನೆಯ ಹೆಸರಾದ ಮೇಲೆ ತಾವು ಮತ್ತೆ ಒಂದನೆಯ ನಂಬರನ್ನು ಕರೆಯುತ್ತಿದ್ದುದು, ಆ ಮೊದಲ ನಂಬರಿನ ಹುಡುಗಿ ಪ್ರತಿದಿನ ಎರಡು ಬಾರಿ 'ಪ್ರೆಸೆಂಟ್ ಸರ್' ಎನ್ನುತ್ತಿದ್ದುದು, ಇಡೀ ತರಗತಿ ಅದನ್ನು ಮಳೆಬಿಸಿಲಿನಂತೆ ಸಹಿಸಿಕೊಂಡಿದ್ದುದು ಇದ್ದಕ್ಕಿದ್ದಂತೆ ನೆನಪಿಗೆ ಬಂತು. ಅವರು ಅದನ್ನು ಆ ಹುಡುಗಿಯ ವಿಧೇಯತೆ ಎಂದು ಭಾವಿಸಿದ್ದರು.

ಶಾರ್ಲೆಟ್ ತರಗತಿ ಮುಗಿಸಿ ಬರುವಾಗ ಮಧ್ಯಾಹ್ನ ಎರಡಾಗಿತ್ತು. ಅವಳು ಜಾಡಿಯನ್ನು ಅಲುಗಿಸದೆ ತಂದು, ಪ್ರಾಣಿಯನ್ನು ಬಿಳಿ ತಟ್ಟೆಗೆ ಇಳಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಏಕೆ ಮತ್ತೆ ಎಣಿಸಬೇಕು ಎಂದು ಕೇಳಲಿಲ್ಲ. ಕೇಳದಿರುವುದರಲ್ಲೇ ಏನೋ ಇತ್ತು. ಕೂದಲೆಳೆಯ ಪಿನ್ನೊಂದನ್ನು ಮೊದಲ ದೀಪದ ಪಕ್ಕದಲ್ಲಿ ಊರಿದಳು. ಪರದೆಯ ಮೇಲೆ ಕಣ್ಣು ದೊಡ್ಡದಾಗಿ ಎದ್ದಿತು. ಮದ್ಯಸಾರದಲ್ಲಿ ಬಣ್ಣ ಕಳೆದುಕೊಂಡ ದೀಪಗಳು ಒಂದೊಂದಾಗಿ ಸರಿದವು. ಹದಿನೈದು, ಹದಿನಾರು, ಹದಿನೇಳು. ಮುಂದೆ ಪಿನ್ನು, ಹೆದ್ದಾರಿಯ ಪೊಲೀಸನಂತೆ ನೆಟ್ಟಗೆ. ಜೋಕಿಮರ ಹೆಬ್ಬೆರಳು ಜೇಬಿನೊಳಗೆ ತಾನಾಗಿಯೇ ಇನ್ನೊಂದು ಹೆಜ್ಜೆಯಿಟ್ಟು ಕಿರುಬೆರಳಿನ ಬುಡವನ್ನು ಮುಟ್ಟಿತು. ಅವರು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಸರ್, ಫೋಟೋ ತೆಗೆಯುವಾಗಲೇ ನಾನು ಎಣಿಸಿದ್ದೆ" ಎಂದಳು ಶಾರ್ಲೆಟ್, ಪರದೆಯನ್ನೇ ನೋಡುತ್ತ.

"ಎಷ್ಟು?"

"ಹದಿನೇಳು. ನೀವು ಹದಿನೆಂಟು ಬರೆದಿದ್ರಿ. ರೆಪ್ಪೆಯ ಮಡಿಕೆಯ ಕೆಳಗೆ ಒಂದು ಇರಬಹುದು, ನನಗೆ ಕಾಣ್ತಿಲ್ಲ ಅಂತ ಎಣಿಸಿದೆ. ನನಗೆ ಎಣಿಸ್ಲಿಕ್ಕೆ ಕಲಿಸಿದ್ದೇ ನೀವಲ್ವಾ ಸರ್."

ಅವಳು ಹಂಗಿಸಲಿಲ್ಲ, ಹಂಗಿಸಿದ್ದರೆ ಸುಲಭವಿತ್ತು. ತಮ್ಮ ಸುತ್ತ ಎಷ್ಟು ಜನ ಎಷ್ಟು ವರ್ಷಗಳಿಂದ ಖಾಲಿ ದಾರದ ಮೇಲೆ ಹೆಬ್ಬೆರಳಿಟ್ಟು ಕಾಯುತ್ತಿದ್ದಾರೆ ಎಂದು ಲೆಕ್ಕ ಹಾಕಲು ಹೋಗಿ, ಆ ಲೆಕ್ಕವೂ ಒಂದು ಹೆಚ್ಚಾದೀತೆಂದು ಬಿಟ್ಟರು. ಉಳಿದೆಲ್ಲ ಲಕ್ಷಣಗಳೂ ಹಳೆಯ ಜಾತಿಯವೇ. ಬೇರ್ಪಡಿಸಿದ್ದು ಆ ಒಂದೇ ದೀಪ, ಆ ದೀಪ ಉರಿದದ್ದು ತಮ್ಮ ಬೆರಳಿನಲ್ಲಿ. ಶಾರ್ಲೆಟ್ ಗೋಡೆಯ ಗಡಿಯಾರ ನೋಡಿ, ಕರಡಚ್ಚು ಐದಕ್ಕೆ ಎಂದು ಮೆಲ್ಲನೆ ನೆನಪಿಸಿದಳು. ಹಿಂತೆಗೆದುಕೊಳ್ಳುವ ಪತ್ರ ಬರೆಯಬೇಕಾದರೆ ತನ್ನ ಕಂಪ್ಯೂಟರಿನಲ್ಲೇ ಬರೆಯಬಹುದು ಎಂದೂ ಹೇಳಿದಳು. ಮೊದಲು ಎರ್ಮಾಳಿಗೆ ಹೋಗಿ ಒಬ್ಬರಿಗೆ ತಿಳಿಸಬೇಕು, ಅದು ಧರ್ಮ ಎಂದು ಜೋಕಿಮರು ಎದ್ದರು. ಮೆಟ್ಟಿಲಿಳಿಯುವಾಗ ಅದು ಧರ್ಮದ ಪೋಷಾಕು ತೊಟ್ಟ ಹೇಡಿತನವೆಂದು ಗೊತ್ತಾಯಿತು. ಬಸ್ಸು ಕೆಟ್ಟು ನಿಂತರೆ, ಐದು ಗಂಟೆ ದಾಟಿದರೆ, ಪತ್ರಿಕೆಯವರು ಮೌನವನ್ನೇ ಸಮ್ಮತಿಯೆಂದು ಅಚ್ಚು ಹಾಕುವುದಾಗಿ ಮೊದಲೇ ತಿಳಿಸಿದ್ದರು. ಜೀವನದಲ್ಲಿ ಮೊದಲ ಬಾರಿಗೆ ಅವರು ಎಕ್ಸ್‌ಪ್ರೆಸ್ ಬಸ್ಸನ್ನು ಬಿಟ್ಟು, ನಿಲ್ಲಿಸಿ ನಿಲ್ಲಿಸಿ ಹೋಗುವ ಸರ್ವಿಸ್ ಬಸ್ಸನ್ನು ಹತ್ತಿದರು.

ಆ ಬಸ್ಸಿನಿಂದ ರೋನಿಗೆ ಫೋನ್ ಮಾಡಿ, ದೀಪ ಹದಿನೇಳೇ, ಅದು ಹೊಸ ಜಾತಿಯಲ್ಲ, ಸನ್ಮಾನ ನಿಲ್ಲಿಸು ಎಂದರು. ರೋನಿ, ಹದಿನೇಳಾದರೆಂತ ಹದಿನೆಂಟಾದರೆಂತ ಜೋಕಿಮ್, ಚಿಕನಿಗೆ ಹೇಳಿ ಆಗಿದೆ ಎಂದ. ಶಾಲು ಬಂದಿತ್ತು. ಮಾನಪತ್ರದಲ್ಲಿ ಹೊಸ ಎಂಬ ಪದವನ್ನು ತೆಗೆದು ಅಪರೂಪದ ಎಂದು ಹಾಕಿದರೆ ಆಯಿತಲ್ಲ, ಸ್ವಂತ ಮುದ್ರಣಾಲಯ ಇರುವುದು ಮತ್ತೆಂತಕ್ಕೆ? ಯಾರನ್ನು ಸನ್ಮಾನಿಸುತ್ತಾರೆ ಎಂದು ಬರುವವರು ಯಾರೂ ಕೇಳುವುದಿಲ್ಲ. ಊಟಕ್ಕೆ ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ಜೋಕಿಮರಿಗೆ ಅವಮಾನವೂ ಸಮಾಧಾನವೂ ಒಂದೇ ತಟ್ಟೆಯಲ್ಲಿ ಬಡಿಸಿದಂತಾಯಿತು. ಸನ್ಮಾನ ಭಯಪಡಬೇಕಾದ ವಿಷಯವೇ ಆಗಿರಲಿಲ್ಲ. ಭಯ ಬೇರೆ ಕಡೆಗಿತ್ತು.

ಹೆಸರಿಡುವ ಪ್ರಶ್ನೆ ಬಂದಾಗ ಸಲಾಂ, ನನ್ನದು ಬೇಡ ಸರ್, ಉಮ್ಮನದ್ದು ಇಡಿ ಎಂದಿದ್ದ. ಉಮ್ಮ ಎಂದರೆ ಅವನ ತಾಯಿ ನಫೀಸಮ್ಮ, ಎಂಬತ್ತೆರಡು ವರ್ಷ. ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಒಣಮೀನಿನ ಬುಟ್ಟಿ ಹೊತ್ತು ಬೆಳ್ಮಣ್ಣಿನವರೆಗೆ ನಡೆದು ಮಾರಿ ಮಕ್ಕಳನ್ನು ಬೆಳೆಸಿದವಳು. ಜೋಕಿಮರು ಎರ್ಮಾಳಿನ ಆ ಮನೆಗೆ ಹೋಗಿ, ಕಡಲ ತಳದ ಒಂದು ಜಾತಿಗೆ ನಿಮ್ಮ ಹೆಸರು, ಲೋಕ ಇರುವವರೆಗೂ, ಎಂದು ಹೇಳಿದಾಗ ಅವಳು, ಜನ ಅದನ್ನು ತಿನ್ನುತ್ತಾರಾ ಎಂದು ಮಾತ್ರ ಕೇಳಿದ್ದಳು. ಇಲ್ಲವೆಂದಾಗ, ಒಳ್ಳೆಯದಾಯಿತು, ನನ್ನ ಹೆಸರನ್ನು ಯಾರೂ ಹುರಿಯುವುದಿಲ್ಲ ಎಂದಿದ್ದಳು. ಲೋಕ ಇರುವವರೆಗೂ ಎಂದು ಕೊಟ್ಟದ್ದನ್ನು ಹದಿನಾಲ್ಕು ತಿಂಗಳಿಗೆ ಹಿಂದಕ್ಕೆ ಕೇಳುವುದು ಹೇಗೆ? ಉಚ್ಚಿಲ ದಾಟುವಾಗ ಅವರು ಮೂರು ಬಗೆಯ ಪೀಠಿಕೆಗಳನ್ನು ಮನಸ್ಸಿನಲ್ಲಿ ಕಟ್ಟಿ ಮೂರನ್ನೂ ಕೆಡವಿದರು. ಬಸ್ಸು ಕೆಡಲಿಲ್ಲ. ಸರ್ವಿಸ್ ಬಸ್ಸಿನ ಚಾಲಕನಿಗೆ ಅಂದು ಯಾವ ಅವಸರವಿತ್ತೋ, ನಾಲ್ಕೂಕಾಲಿಗೇ ಅವರನ್ನು ಎರ್ಮಾಳಿನಲ್ಲಿ ಇಳಿಸಿ ಹೋದ.

ನಫೀಸಮ್ಮ ಜಗಲಿಯ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಸಲಾಂ ಕೆಳಗೆ ಬಿರುಕುಬಿಟ್ಟ ಥರ್ಮೋಕೋಲ್ ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದ. ಬನ್ನಿ, ಕೂತ್ಕೊಳ್ಳಿ ಎಂದು ಇಬ್ಬರೂ ಹೇಳಿದರು. ಜೋಕಿಮರು ಅಂಗಳದ ಅಂಚಿನಲ್ಲಿ ನಿಂತುಕೊಂಡೇ, ತುಳುವಿನಲ್ಲಿ, ಪೀಠಿಕೆಯಿಲ್ಲದೆ ಎಲ್ಲವನ್ನೂ ಹೇಳಿದರು. ಹದಿನೇಳು, ಹದಿನೆಂಟು, ಬೆರಳು, ಪಿನ್ನು. ಅದು ನೂರು ವರ್ಷಕ್ಕೂ ಹಿಂದಿನಿಂದ ಗೊತ್ತಿದ್ದ ಜಾತಿ, ಅದಕ್ಕೆ ಹೆಸರು ಮೊದಲೇ ಉಂಟು, ನಿಮ್ಮ ಹೆಸರು ನಿಲ್ಲುವುದಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿದರು. ಸಲಾಮನ ಟೇಪು ನಿಂತಿತು.

"ನಿಲ್ಲುವುದಿಲ್ಲ ಅಂದರೆ ತೆಗೆದೇ ಬಿಡ್ತಾರಾ?" ಎಂದಳು ನಫೀಸಮ್ಮ.

"ತೆಗೀತಾರೆ. ನಾನೇ ತೆಗೆಯಬೇಕು. ಐದು ಗಂಟೆಯ ಒಳಗೆ."

"ಅಲ್ಲಾಹು ದೊಡ್ಡವನು" ಎಂದು ಅವಳು ಎದೆಯ ಮೇಲೆ ಕೈಯಿಟ್ಟಳು. "ಮೊಮ್ಮಗ ಹಸೀಬ್ ದುಬೈಯಿಂದ ಫೋನಿನಲ್ಲಿ ಅದರ ಚಿತ್ರ ತೋರಿಸಿದ ಮಾಷ್ಟ್ರೇ. ಒಂದು ಕಣ್ಣು ಆಕಾಶಕ್ಕೆ, ಒಂದು ಪಾತಾಳಕ್ಕೆ. ಅವತ್ತಿನಿಂದ ನಾನು ಕನ್ನಡಿ ನೋಡುವುದೇ ಬಿಟ್ಟೆ."

"ಉಮ್ಮಾ" ಎಂದು ಸಲಾಂ ತಡೆಯಲು ನೋಡಿದ.

"ನೀನು ಸುಮ್ಮನಿರು. ನಿನ್ನ ಹೆಸರು ಕೊಡ್ಲಿಕ್ಕೆ ಆಗದೆ ನನ್ನದು ಕೊಟ್ಟವ ನೀನು." ಅವಳು ಜೋಕಿಮರ ಕಡೆ ತಿರುಗಿದಳು. "ನೀವು ಅಷ್ಟು ಪ್ರೀತಿಯಲ್ಲಿ ಬಂದು ಹೇಳಿದಿರಿ. ಬೇಡ ಅಂತ ಹೇಗೆ ಹೇಳುವುದು?"

ಹಾಗಾದರೆ ಇಲ್ಲಿಯೂ ಖಾಲಿ ದಾರದ ಮೇಲೊಂದು ಹೆಬ್ಬೆರಳು. ಜೋಕಿಮರಿಗೆ ನಗು ಬಂತು. ಬೆಳಗಿನಿಂದ ಮೊದಲ ಸಲ. ಕೈಯಲ್ಲಿದ್ದ ಫೋನು ನಾಲ್ಕೂವರೆ ತೋರಿಸುತ್ತಿತ್ತು. ನಫೀಸಮ್ಮನಿಗೆ ಈಗ ಧೈರ್ಯ ಬಂದು, ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದ ಸಂಶಯವನ್ನು ಹೊರತೆಗೆದಳು. ಆ ದೀಪಗಳೆಲ್ಲ ಎಂತಕ್ಕೆ, ಕತ್ತಲೆಯಲ್ಲಿ ದಾರಿ ಕಾಣಲಿಕ್ಕಾ? ಅಲ್ಲ ಎಂದರು ಜೋಕಿಮರು. ಎಂದ ಕೂಡಲೇ ಹಳೆಯ ತರಗತಿಯ ಸ್ವರ ಗಂಟಲಿಗೆ ಬಂತು. ಆ ಪ್ರಾಣಿ ಇರುವ ಆಳಕ್ಕೆ ಮೇಲಿನಿಂದ ಇಷ್ಟೇ ಇಷ್ಟು ನೀಲಿ ಬೆಳಕು ಇಳಿಯುತ್ತದೆ. ಕೆಳಗಿನಿಂದ ಮೇಲೆ ನೋಡುವ ಬೇಟೆಗಾರನಿಗೆ ಅಡ್ಡ ಬಂದದ್ದೆಲ್ಲ ಕಪ್ಪು ನೆರಳಾಗಿ ಕಾಣುತ್ತದೆ. ಆದ್ದರಿಂದ ಇದು ತನ್ನ ಹೊಟ್ಟೆಯಡಿಯಲ್ಲಿ, ಕಣ್ಣಿನ ಸುತ್ತ, ಮೇಲಿನ ಬೆಳಕಿನಷ್ಟೇ ಮಂದವಾಗಿ ದೀಪ ಹಚ್ಚಿಕೊಂಡು ನೆರಳನ್ನು ಅಳಿಸಿಬಿಡುತ್ತದೆಂದು ತಿಳಿದವರು ಹೇಳುತ್ತಾರೆ. ಹದಿನಾಲ್ಕು ತಿಂಗಳಲ್ಲಿ ಅವರು ಆ ಪ್ರಾಣಿಯ ಬಗ್ಗೆ, ತಮ್ಮ ಬಗ್ಗೆ ಅಲ್ಲದೆ, ಮಾತನಾಡಿದ್ದು ಇದೇ ಮೊದಲು. ಕೈಗಳು ಗಾಳಿಯಲ್ಲಿ ಕಡಲಿನ ಪದರಗಳನ್ನು ಬಿಡಿಸುತ್ತಿದ್ದವು. ಸಲಾಂ ಬಾಯಿ ತೆರೆದು ಕೇಳುತ್ತಿದ್ದ.

"ಯಾರಿಗೂ ಕಾಣಬಾರದು ಅಂತ ದೀಪ ಹಚ್ಚಿಕೊಂಡು ಕೂತದ್ದು ಅದು. ಅದನ್ನು ಹುಡುಕಿ ಹೆಸರಿಡ್ಲಿಕ್ಕೆ ಹೋದದ್ದು ನಿಮ್ಮ ತಪ್ಪು ಮಾಷ್ಟ್ರೇ. ಎಣಿಸಿದ್ದು ಅಲ್ಲ" ಎಂದಳು ನಫೀಸಮ್ಮ.

ಜೋಕಿಮರು ಫೋನನ್ನು ಬಿಸಿಲಿಗೆ ಮರೆಮಾಡಿ ಹಿಡಿದು, ಪತ್ರಿಕೆಗೆ ಎರಡು ಸಾಲು ಬರೆದರು: ದೀಪಗಳು ಹದಿನೇಳು, ಎಣಿಕೆಯ ದೋಷ ನನ್ನದು, ಲೇಖನವನ್ನು ಹಿಂತೆಗೆದುಕೊಂಡಿದ್ದೇನೆ. ಮೂರನೆಯ ಸಾಲಾಗಿ ಒಂದು ಸಮಜಾಯಿಷಿ ಬರೆಯಹೊರಟ ಬೆರಳನ್ನು ಅಲ್ಲಿಯೇ ನಿಲ್ಲಿಸಿ, ಕಳುಹಿಸುವ ಗುಂಡಿಯನ್ನು ಒತ್ತಿದರು. ಎರ್ಮಾಳಿನ ಗಾಳಿಯಲ್ಲಿ ಸಿಗ್ನಲ್ ದುರ್ಬಲವಾಗಿತ್ತು. ಪತ್ರ ಹೋಗಲೋ ಬೇಡವೋ ಎಂದು ಬಹಳ ಹೊತ್ತು ಸುತ್ತಿತು. ಮೂವರೂ ಆ ಸುತ್ತುವ ಬಳೆಯನ್ನೇ ನೋಡುತ್ತಿದ್ದರು. ನಾಲ್ಕು ಗಂಟೆ ನಲವತ್ತಾರು ನಿಮಿಷಕ್ಕೆ ಅದು ಹೋಯಿತು.

"ಹೋಯಿತಾ?" ಎಂದಳು ನಫೀಸಮ್ಮ.

"ಹೋಯಿತು."

ಅವಳು ಚಾಚಿದ್ದ ಕಾಲನ್ನು ಮಡಚಿ, ಬೆಂಚಿನ ಅರ್ಧವನ್ನು ಸೆರಗಿನಿಂದ ಒರೆಸಿದಳು. "ಹಾಗಾದರೆ ಇನ್ನಾದರೂ ಕೂತ್ಕೊಳ್ಳಿ. ಬಂದಾಗಿನಿಂದ ನಿಂತೇ ಇದ್ದೀರಿ."

ಜೋಕಿಮ್ ಮಥಾಯಸರು ಕುಳಿತರು.

ಇದನ್ನು ಓದಿದವರಿಗೂ ಓದಿಸಿದವರಿಗೂ, ಅರ್ಧ ಕೇಳಿ ನಿದ್ದೆಹೋದವರಿಗೂ ಶುಭವಾಗಲಿ. ಕಡಲಿಗೆ ಹೋದವರು ದಡ ಸೇರಲಿ. ದಡದಲ್ಲಿ ಉಳಿದವರಿಗೆ ಕಾಯುವ ತಾಳ್ಮೆ ಸಿಗಲಿ. ತಿಳಿದವರ ನಾಲಗೆಗೆ ಸತ್ಯ ಹೇಳುವ ಧೈರ್ಯ, ತಪ್ಪಿದವರ ಕಿವಿಗೆ ಅದನ್ನು ಕೇಳುವ ವಿನಯ ಒದಗಲಿ. ಹೆಸರುಳ್ಳವರನ್ನೂ ಹೆಸರಿಲ್ಲದವರನ್ನೂ ಒಂದೇ ಕಣ್ಣಿನಿಂದ ನೋಡುವವನು ನಮ್ಮೆಲ್ಲರ ಮನೆಗಳನ್ನು ಕಾಯಲಿ.